ಇಂಜಿನ್ ಕೊನೆಗೆ ಗುರು! ಹಳೇ ಮಸಲ್ ಕಾರು ಕಟ್ಟೋ ಸರಿಯಾದ ಕ್ರಮ

1/10

"ಎಷ್ಟು ಎಚ್‌ಪಿ ಗುರು?"

ಈ ಕಾರಿನ ಫೋಟೋ ಹಾಕಿದಾಗಲೆಲ್ಲ ಬರೋ ಮೊದಲ ಕಮೆಂಟ್ ಇದೇ. ಸದ್ಯದ ಉತ್ತರ: ಸೊನ್ನೆ. ಬಾನೆಟ್ ಎತ್ತಿದ್ರೆ ಒಳಗೆ ಇಂಜಿನ್ನೇ ಇಲ್ಲ. ಆದ್ರೂ ಎಂಟು ತಿಂಗಳಿಂದ ಕೆಲಸ ನಡೀತಾನೇ ಇದೆ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂದು ಮಾತು. ನಾನು ದಾವಣಗೆರೆಯವನು. ಅಲ್ಲಿ ಮೆಕ್ಯಾನಿಕಲ್ ಮುಗಿಸಿ ಈಗ ಅಮೆರಿಕದ ಮಿಷಿಗನ್‌ನಲ್ಲಿ ಮಾಸ್ಟರ್ಸ್ ಓದ್ತಿದ್ದೀನಿ. ಶನಿವಾರ ಬಂದ್ರೆ ಒಂದು ಹಳೇ ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಎತ್ತಿಕೊಡ್ತೀನಿ, ತುಕ್ಕು ಉಜ್ಜುತೀನಿ. ಸಂಬಳ ಇಲ್ಲ, ಕಾಫಿ ಉಂಟು. ಕಾರು ಗ್ಯಾರೇಜಿನ ಯಜಮಾನರದ್ದು, ಎಪ್ಪತ್ತು ದಾಟಿದ ಮನುಷ್ಯ. ಗಾಡಿ 1970ರ ಷೆವ್ರೊಲೆ ನೋವಾ. ಇದನ್ನ ಡ್ರ್ಯಾಗ್ ರೇಸಿಗೆ ರೆಡಿ ಮಾಡ್ತಿದ್ದಾರೆ.

ಈ ಹತ್ತು ಪೋಸ್ಟಲ್ಲಿ ನಾನು ವಾದ ಮಾಡೋದು ಒಂದೇ ವಿಷಯಕ್ಕೆ. ಓಡೋ ಗಾಡಿ ಕಟ್ಟೋವಾಗ ಇಂಜಿನ್ ಕೊನೆಗೆ ಬರಬೇಕು. ಮೊದಲು ನಿಲ್ಲೋದು, ಆಮೇಲೆ ಗಟ್ಟಿತನ, ಆಮೇಲೆ ಹಿಡಿತ, ಕೊನೆಗೆ ಶಕ್ತಿ. ಈ ಕ್ರಮ ಉಲ್ಟಾ ಆದ್ರೆ ದುಡ್ಡೂ ಹೋಗುತ್ತೆ, ಕೆಲವು ಸಲ ಹುಡುಗನೂ ಹೋಗ್ತಾನೆ.

ಹಳೇ ಅಮೆರಿಕನ್ ಕಾರು ಕಟ್ಕೊಂಡು ನಮಗೇನಾಗಬೇಕು ಅಂತೀರಾ? ನಮ್ಮ ಬ್ಯಾಚಿನ ಗ್ರೂಪಲ್ಲಿ ಸೈಲೆನ್ಸರ್ ಬದಲಾಯಿಸಿದ ವಿಡಿಯೋ ಎಷ್ಟು ಬರುತ್ತೆ, ಬ್ರೇಕ್ ಪ್ಯಾಡ್ ಬದಲಾಯಿಸಿದ ವಿಡಿಯೋ ಎಷ್ಟು ಬರುತ್ತೆ, ಒಂದ್ಸಲ ಎಣಿಸಿ ನೋಡಿ. ಅದಕ್ಕೇ ಬರೀತಿದ್ದೀನಿ.

2/10

ಮೊದಲು ಆಟ ಏನು ಅಂತ ಅರ್ಥ ಮಾಡ್ಕೊಳ್ಳೋಣ. ಗೊತ್ತಿರೋರು ಸ್ವೈಪ್ ಮಾಡಿ ಮುಂದೆ ಹೋಗಿ.

ಮಸಲ್ ಕಾರ್ ಅಂದ್ರೆ ಮಧ್ಯಮ ಗಾತ್ರದ, ಮಾಮೂಲಿ ಬೆಲೆಯ ಅಮೆರಿಕನ್ ಕಾರಿಗೆ ದೊಡ್ಡ ವಿ8 ಇಂಜಿನ್ ಹಾಕಿದ್ದು. 1964ರ ಪಾಂಟಿಯಾಕ್ ಜಿಟಿಓದಿಂದ ಈ ಹುಚ್ಚು ಜೋರಾಯ್ತು ಅಂತ ಬಹಳ ಜನ ಲೆಕ್ಕ ಹಾಕ್ತಾರೆ. ಅದರಲ್ಲಿ ಇದ್ದದ್ದು 389 ಕ್ಯೂಬಿಕ್ ಇಂಚಿನ, ಅಂದ್ರೆ ಸುಮಾರು 6.4 ಲೀಟರಿನ ಇಂಜಿನ್. ನಮ್ಮೂರಲ್ಲಿ ಓಡೋ ಸಣ್ಣ ಕಾರುಗಳ ಐದು ಇಂಜಿನ್ ಸೇರಿಸಿದಷ್ಟು.

ಡ್ರ್ಯಾಗ್ ರೇಸ್ ಅಂದ್ರೆ ನೇರ ಪಟ್ಟಿ. ಎರಡು ಗಾಡಿ ಅಕ್ಕಪಕ್ಕ, ನಿಂತ ಜಾಗದಿಂದ ಓಟ. ದೂರ ಕಾಲು ಮೈಲಿ: 1320 ಅಡಿ, ಸುಮಾರು 402 ಮೀಟರ್. ತಿರುವಿಲ್ಲ, ಲ್ಯಾಪಿಲ್ಲ. ಶುರುವಿನಲ್ಲಿ ಬಣ್ಣದ ದೀಪಗಳ ಒಂದು ಕಂಬ, ಅದಕ್ಕೆ ಕ್ರಿಸ್‌ಮಸ್ ಟ್ರೀ ಅಂತಾರೆ. 1963ರಲ್ಲಿ ಬಂತು. ಅದಕ್ಕೂ ಮುಂಚೆ ಬಾವುಟ ಹಿಡಿದು ಒಬ್ಬ ಮನುಷ್ಯ ನಿಲ್ತಿದ್ದ. ಹಸಿರು ಬರೋಕೆ ಮುಂಚೆ ಹೊರಟ್ರೆ ಕೆಂಪು ದೀಪ, ಮನೆಗೆ.

ಓಟ ಮುಗಿದ ಮೇಲೆ ಕೈಗೆ ಒಂದು ಚೀಟಿ ಕೊಡ್ತಾರೆ. ದೀಪ ನೋಡಿ ಹೊರಡೋಕೆ ಎಷ್ಟು ಹೊತ್ತಾಯ್ತು, ಮೊದಲ 60 ಅಡಿಗೆ ಎಷ್ಟು, ಅರ್ಧ ದಾರಿಗೆ ಎಷ್ಟು, ಪೂರ್ತಿಗೆ ಎಷ್ಟು, ಕೊನೆಯ 66 ಅಡಿಯಲ್ಲಿ ಸರಾಸರಿ ವೇಗ ಎಷ್ಟು. ಎಲ್ಲಾ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕ.

ನಾನು ಈ ಆಟ ಇಷ್ಟಪಡೋದೇ ಆ ಚೀಟಿಗೋಸ್ಕರ. ಸ್ಟೇಟಸ್ ಹಾಕಿದ್ರೂ, ಸೌಂಡ್ ಮಾಡಿದ್ರೂ ಚೀಟಿಯ ನಂಬರ್ ಬದಲಾಗಲ್ಲ. ಆ ಚೀಟಿಯಲ್ಲಿ ಎಚ್‌ಪಿ ಅನ್ನೋ ಕಾಲಮ್ಮೇ ಇಲ್ಲ, ಗಮನಿಸಿ.

3/10

ಎಚ್‌ಪಿ ನಂಬರಿನ ಮೇಲೆ ನಂಗೆ ಯಾಕೆ ಇಷ್ಟು ಅನುಮಾನ ಅಂತ ಕೇಳಿದ್ರಿ. ಒಂದು ಹಳೇ ಕಥೆ ಹೇಳ್ತೀನಿ.

1971ರ ಕಾರ್ವೆಟ್ ಕಾರಿನ ಮಾಮೂಲಿ 350 ಕ್ಯೂಬಿಕ್ ಇಂಚಿನ ಇಂಜಿನ್‌ಗೆ 270 ಎಚ್‌ಪಿ ಅಂತ ಹೇಳ್ತಿದ್ರು. ಮರುವರ್ಷ, 1972ರಲ್ಲಿ, ಅದೇ ಜಾತಿಯ ಇಂಜಿನ್‌ಗೆ ಕಾಗದದ ಮೇಲೆ 200. ಒಂದೇ ವರ್ಷದಲ್ಲಿ 70 ಕುದುರೆ ಎಲ್ಲಿ ಓಡಿಹೋದವು?

ಎಲ್ಲೂ ಓಡಿಹೋಗಿರಲಿಲ್ಲ. ಅಳೆಯೋ ರೀತಿ ಬದಲಾಯ್ತು, ಅಷ್ಟೇ. ಮೊದಲು ಇಂಜಿನ್ನನ್ನ ಕಾರಿನಿಂದ ಹೊರಗೆ ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಫಿಲ್ಟರ್ ತೆಗೆದು, ಸೈಲೆನ್ಸರ್ ಇಲ್ಲದೆ, ಆಲ್ಟರ್ನೇಟರ್, ಫ್ಯಾನ್ ಯಾವುದರ ಹೊರೆಯೂ ಇಲ್ಲದೆ ಅಳೀತಿದ್ರು. ಅದಕ್ಕೆ ಗ್ರಾಸ್ ಎಚ್‌ಪಿ ಅಂತ ಹೆಸರು. ಆಮೇಲೆ ಕಾರಿನಲ್ಲಿ ಇರೋ ಹಾಗೆಯೇ ಎಲ್ಲಾ ಜೋಡಿಸಿ ಅಳೆದಿದ್ದು ನೆಟ್ ಎಚ್‌ಪಿ. ಸಂಬಳದಲ್ಲಿ ಗ್ರಾಸ್ ಬೇರೆ, ಕೈಗೆ ಬರೋದು ಬೇರೆ ಅಲ್ವಾ, ಹಾಗೇ.

ಈಗ ಆ ನೆಟ್ ಶಕ್ತಿ ಕೂಡ ಪೂರ್ತಿ ರಸ್ತೆಗೆ ಇಳಿಯಲ್ಲ. ಗೇರ್‌ಬಾಕ್ಸ್ ಸ್ವಲ್ಪ ತಿನ್ನುತ್ತೆ, ಹಿಂದಿನ ಡಿಫರೆನ್ಶಿಯಲ್ ಸ್ವಲ್ಪ ತಿನ್ನುತ್ತೆ. ಉಳಿದಿದ್ದನ್ನ ಟೈರ್ ಹಿಡಿದುಕೊಂಡ್ರೆ ಕಾರು ಮುಂದೆ ಹೋಗುತ್ತೆ. ಹಿಡಿಯದಿದ್ರೆ ಅಷ್ಟೂ ಶಕ್ತಿ ಬಿಳಿ ಹೊಗೆ ಆಗುತ್ತೆ. ರೀಲಿಗೆ ಚೆನ್ನಾಗಿರುತ್ತೆ, ಚೀಟಿಯಲ್ಲಿ ಚೆನ್ನಾಗಿರಲ್ಲ.

ಹಾಗಾಗಿ ಯಾರಾದ್ರೂ ಬಂದು "ನನ್ನದು ಇಷ್ಟು ಎಚ್‌ಪಿ" ಅಂದ್ರೆ ಜಗಳ ಮಾಡಬೇಡಿ. "ಎಲ್ಲಿ ಅಳೆದಿದ್ದು, ಟೈರ್ ಯಾವುದು, ನಿಲ್ಲೋಕೆ ಎಷ್ಟು ದೂರ ಬೇಕು?" ಅಂತ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಉತ್ತರ ಇದ್ರೆ ಅವರ ಹತ್ರ ಕಲಿಯಿರಿ.

4/10

ಈ ಫೋಟೋ ನೋಡಿ. ಎಡಗಡೆ ಹಳೇ ಡ್ರಮ್ ಬ್ರೇಕ್, ಬಲಗಡೆ ಹೊಸ ಡಿಸ್ಕ್. ಗ್ಯಾರೇಜಲ್ಲಿ ನಾವು ಮುಟ್ಟಿದ ಮೊದಲ ಕೆಲಸ ಇದು.

1970ರಲ್ಲಿ ನೋವಾ ತಗೊಂಡ್ರೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಮಾಮೂಲಿ, ಮುಂದೆ ಡಿಸ್ಕ್ ಬೇಕಂದ್ರೆ ಜಾಸ್ತಿ ದುಡ್ಡು ಕೊಡಬೇಕಿತ್ತು. ಡ್ರಮ್ ಕೆಟ್ಟದ್ದಲ್ಲ. ಆದರೆ ಅದರ ಬಿಸಿ ಬೇಗ ಹೊರಗೆ ಹೋಗಲ್ಲ. ಬಿಸಿ ಏರಿದ ಹಾಗೆ ಹಿಡಿತ ಸಡಿಲ ಆಗುತ್ತೆ. ಪೆಡಲ್ ಎಷ್ಟು ತುಳಿದ್ರೂ ಗಾಡಿ ಮುಂದೆ ಜಾರ್ತಾ ಹೋಗುತ್ತೆ.

ಸಣ್ಣ ಲೆಕ್ಕ. ವೇಗ ಎರಡರಷ್ಟಾದ್ರೆ ಚಲನಶಕ್ತಿ ನಾಲ್ಕರಷ್ಟು, ಪಿಯುಸಿ ಫಿಸಿಕ್ಸ್. ಈ ಕಾರು ಸುಮಾರು 1500 ಕೆ.ಜಿ. ಕಾಲು ಮೈಲಿ ಮುಗಿಸೋ ಹೊತ್ತಿಗೆ ಗಂಟೆಗೆ 175 ಕಿ.ಮೀ. ಆಸುಪಾಸಲ್ಲಿ ಇರಬೇಕು ಅನ್ನೋದು ನಮ್ಮ ಗುರಿ. 80ರಲ್ಲಿ ಹೋಗೋ ಅದೇ ಕಾರಿಗೆ ಹೋಲಿಸಿದ್ರೆ ಬ್ರೇಕು ಹೆಚ್ಚುಕಡಿಮೆ ಐದು ಪಟ್ಟು ಶಕ್ತಿಯನ್ನ ಬಿಸಿ ಮಾಡಿ ಹೊರಹಾಕಬೇಕು. ಇಂಜಿನ್ ಕೊಟ್ಟಿದ್ದನ್ನೆಲ್ಲ ಬ್ರೇಕು ವಾಪಸ್ ಈಸ್ಕೋಬೇಕು.

ದೊಡ್ಡವರ ಆಟದಲ್ಲೂ ಇದೇ ಪಾಠ. ಜೂನ್ 2008ರಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನಲ್ಲಿ ಸ್ಕಾಟ್ ಕಲಿಟ್ಟಾ ಅನ್ನೋ ಚಾಂಪಿಯನ್ ಚಾಲಕ ತೀರಿಕೊಂಡರು. ಇಂಜಿನ್ ಸಿಡಿಯಿತು, ಗಾಡಿ ನಿಲ್ಲಿಸಬೇಕಾದ ಪ್ಯಾರಾಚೂಟ್ ಹಾಳಾಯ್ತು, ಪಟ್ಟಿ ಮುಗಿದ ಮೇಲೂ ಕಾರು ನಿಲ್ಲಲಿಲ್ಲ. ಮರುತಿಂಗಳೇ ಎನ್‌ಎಚ್‌ಆರ್‌ಎ, ಅಂದ್ರೆ ಅಲ್ಲಿನ ಡ್ರ್ಯಾಗ್ ರೇಸ್ ನಡೆಸೋ ದೊಡ್ಡ ಸಂಸ್ಥೆ, ಅತಿವೇಗದ ಎರಡು ವರ್ಗಗಳಿಗೆ ಓಟದ ದೂರವನ್ನೇ 1320 ಅಡಿಯಿಂದ 1000 ಅಡಿಗೆ ಇಳಿಸಿತು.

ಯಾಕೆ? ಇದ್ದ ಪಟ್ಟಿಯಲ್ಲೇ ನಿಲ್ಲೋಕೆ ಜಾಗ ಜಾಸ್ತಿ ಸಿಗಲಿ ಅಂತ. ಜಗತ್ತಿನ ಅತಿ ವೇಗದ ಜನ ತಮ್ಮ ಆಟದ ಗುರುತಾದ ಕಾಲು ಮೈಲಿಯನ್ನೇ ಬಿಟ್ಟುಕೊಟ್ಟರು. ನಾವು ಎರಡು ಬ್ರೇಕ್ ಪ್ಯಾಡಿಗೆ ಚೌಕಾಸಿ ಮಾಡ್ತೀವಿ.

5/10

ಮೇಲೆ ಥಳಕು, ಒಳಗೆ ಹುಳುಕು. ಹಳೇ ಕಾರಿಗೆ ಇದಕ್ಕಿಂತ ಸರಿಯಾದ ಗಾದೆ ಇಲ್ಲ.

ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆ ಮೇಲೆ ಉಪ್ಪು ಹಾಕ್ತಾರೆ, ಮಂಜುಗಡ್ಡೆ ಕರಗಲಿ ಅಂತ. ಆ ಉಪ್ಪುನೀರು ಕಾರಿನ ಹೊಟ್ಟೆ ಸೇರಿ ಕಬ್ಬಿಣ ತಿನ್ನುತ್ತೆ. ನಮ್ಮ ನೋವಾಕ್ಕೆ ಮೇಲೆ ಪಳಪಳ ಹೊಳೆಯೋ ಕೆಂಪು ಬಣ್ಣ ಇತ್ತು. ಕಾರ್ಪೆಟ್ ಎತ್ತಿದ್ರೆ ಚಾಲಕನ ಕಾಲ ಕೆಳಗೆ ನೆಲ ಕಾಣಿಸ್ತಿತ್ತು, ಕಾರಿನ ನೆಲ ಅಲ್ಲ, ಗ್ಯಾರೇಜಿನ ನೆಲ.

ಎಂಟು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟೈಮ್ ಹೋಗಿದ್ದು ಇಲ್ಲಿಗೇ. ಕೊಳೆತ ತಗಡು ಕತ್ತರಿಸೋದು, ಹೊಸದು ಬೆಸುಗೆ ಹಾಕೋದು, ಉಜ್ಜೋದು. ಬೇಜಾರಿನ ಕೆಲಸ. ಲೈಕೂ ಬರಲ್ಲ.

ಆದರೆ ನೋವಾದ ರಚನೆ ಅರ್ಥ ಆದ್ರೆ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತೆ. ಇದಕ್ಕೆ ಲಾರಿ ಥರ ಉದ್ದಕ್ಕೂ ಬೇರೆ ಚಾಸಿ ಇಲ್ಲ. ಮುಂದೆ ಇಂಜಿನ್ ಕೂರೋ ಒಂದು ತುಂಡು ಫ್ರೇಮ್, ಅದನ್ನ ಬೋಲ್ಟ್ ಹಾಕಿ ಬಾಡಿಗೆ ಸೇರಿಸಿರ್ತಾರೆ. ಅಲ್ಲಿಂದ ಹಿಂದಕ್ಕೆ ಬಾಡಿಯ ತಗಡೇ ಎಲ್ಲಾ ಹೊರೆ ಹೊರಬೇಕು. ಮುಂದೆ ಜೋರಾದ ಇಂಜಿನ್ ಇಟ್ಟು, ಹಿಂದೆ ಗಟ್ಟಿ ಹಿಡಿಯೋ ಟೈರ್ ಹಾಕಿದ್ರೆ ನಡುವೆ ಇರೋ ಬಾಡಿಯನ್ನ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ. ಬಾಗಿಲು ಸರಿಯಾಗಿ ಮುಚ್ಚಲ್ಲ, ಗಾಜು ಬಿರುಕು ಬಿಡುತ್ತೆ. ಅದಕ್ಕೇ ಮುಂದಿನ ಫ್ರೇಮಿಗೂ ಹಿಂದಿನ ಭಾಗಕ್ಕೂ ಉಕ್ಕಿನ ಚೌಕಾಕಾರದ ಕೊಳವೆ ಸೇರಿಸ್ತಾರೆ. ಸಬ್‌ಫ್ರೇಮ್ ಕನೆಕ್ಟರ್ ಅಂತಾರೆ. ಕೆಳಗೆ ಮಲಗಿ ನೋಡಿದ್ರೆ ಮಾತ್ರ ಕಾಣೋ ಭಾಗ ಅದು.

ಇಲ್ಲೇ ಇನ್ನೊಂದು ಅಭಿಪ್ರಾಯ, ಬೈಯ್ಯೋರು ಬೈಯಬಹುದು. ಫ್ಯಾಕ್ಟರಿಯಿಂದ ಬಂದ ಅದೇ ಇಂಜಿನ್, ಅದೇ ಗೇರ್‌ಬಾಕ್ಸ್ ಇನ್ನೂ ಉಳಿದಿರೋ ಅಪರೂಪದ ಕಾರನ್ನ ರೇಸಿಗೋಸ್ಕರ ಕತ್ತರಿಸಬಾರದು. ಅದು ಚರಿತ್ರೆ. ನಮ್ಮ ನೋವಾ ಆರು ಸಿಲಿಂಡರಿನ ಸಾದಾ ಮಾಡೆಲ್, ಅದರ ಮೂಲ ಇಂಜಿನ್ ನಾವು ನೋಡೋ ಮುಂಚೆಯೇ ಗುಜರಿ ಸೇರಿತ್ತು. ಇಂಥದ್ದಕ್ಕೆ ಎರಡನೇ ಜೀವ ಕೊಡೋದ್ರಲ್ಲಿ ತಪ್ಪಿಲ್ಲ.

6/10

ಈಗ ಹಿಡಿತ. ಡ್ರ್ಯಾಗ್ ರೇಸ್ ಗೆಲ್ಲೋದು ಮೊದಲ 60 ಅಡಿಯಲ್ಲಿ, ಅಂದ್ರೆ ಸುಮಾರು 18 ಮೀಟರಿನಲ್ಲಿ. ಇಲ್ಲಿನವರ ಒಂದು ಅಂದಾಜು ಲೆಕ್ಕ ಇದೆ: ಮೊದಲ 60 ಅಡಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದ್ರೆ, ಕೊನೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಉಳಿಯುತ್ತೆ. ಅಷ್ಟೇ ಸಮಯವನ್ನ ಬರೀ ಇಂಜಿನ್ನಿಂದ ಉಳಿಸಬೇಕಂದ್ರೆ ಇಂಥ ಕಾರಿಗೆ ಸುಮಾರು 20 ಎಚ್‌ಪಿ ಜಾಸ್ತಿ ಬೇಕು.

ಹಿಂದಿನ ಆಕ್ಸಲ್ ಏನೇನು ತಡ್ಕೋಬೇಕು ನೋಡಿ. ಇಂಜಿನ್ 500 ನ್ಯೂಟನ್ ಮೀಟರ್ ಟಾರ್ಕ್ ಕೊಡ್ತು ಅನ್ಕೊಳ್ಳಿ. ನಾವು ಹಾಕ್ತಿರೋ ಗೇರ್‌ಬಾಕ್ಸಿನ ಫಸ್ಟ್ ಗೇರ್ ಅದನ್ನ 2.52 ಪಟ್ಟು ಮಾಡುತ್ತೆ. ಹಿಂದಿನ ಕ್ರೌನ್-ಪಿನಿಯನ್ 3.73 ಪಟ್ಟು. ಗುಣಿಸಿ: ಹೆಚ್ಚುಕಡಿಮೆ 4700 ಆಗುತ್ತೆ. ಹೊರಡೋ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಅದನ್ನ ಇನ್ನೂ ಹೆಚ್ಚಿಸುತ್ತೆ. ಆರು ಸಿಲಿಂಡರಿಗೆ ಅಂತ ಮಾಡಿದ ಹಳೇ ಆಕ್ಸಲ್ ಒಳಗೆ ಇದನ್ನ ಬಿಟ್ರೆ ಹಲ್ಲು ಉದುರುತ್ತೆ. ಅದಕ್ಕೇ ಬಹಳ ಜನ ಫೋರ್ಡ್ ಕಂಪನಿಯ 9 ಇಂಚಿನ ಹಳೇ ಆಕ್ಸಲ್ ಹುಡುಕಿ ತಂದು ಷೆವ್ರೊಲೆಗೂ ಹಾಕ್ತಾರೆ. ಬ್ರ್ಯಾಂಡ್ ಜಗಳ ಎಲ್ಲ ಸ್ಟಿಕರಿನಲ್ಲಿ, ಕಾರಿನ ಕೆಳಗೆ ಎಲ್ಲರೂ ನೆಂಟರು.

ಮಾಮೂಲಿ ಡಿಫರೆನ್ಶಿಯಲ್ ಇದ್ರೆ ಇನ್ನೊಂದು ತೊಂದರೆ. ಒಂದು ಚಕ್ರ ಜಾರಿದ್ರೆ ಅದೇ ಸುತ್ತುತ್ತೆ, ಇನ್ನೊಂದು ಸುಮ್ಮನೆ ನಿಲ್ಲುತ್ತೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದ ಹಾಗೆ. ಲಿಮಿಟೆಡ್ ಸ್ಲಿಪ್ ಹಾಕಿದ್ರೆ ಎರಡೂ ಚಕ್ರ ಒಟ್ಟಿಗೆ ಎಳೀತವೆ.

ಇನ್ನು ಲೀಫ್ ಸ್ಪ್ರಿಂಗ್, ನಮ್ಮ ಗ್ಯಾರೇಜಿನವರು ಪಾಟಾ ಅಂತಾರಲ್ಲ, ಅದು. ಜೋರಾಗಿ ಹೊರಟಾಗ ಆಕ್ಸಲ್ ತಿರುಚಿಕೊಳ್ಳುತ್ತೆ, ಪಾಟಾ ಹಾವಿನ ಥರ ಬಳುಕುತ್ತೆ, ಬಿಟ್ಟಾಗ ವಾಪಸ್ ಒದೆಯುತ್ತೆ. ಟೈರ್ ಟಪಟಪ ಅಂತ ಕುಣಿಯುತ್ತೆ. ಇದನ್ನ ತಡೆಯೋಕೆ ಪಾಟಾದ ಉದ್ದಕ್ಕೆ ಒಂದು ಟ್ರ್ಯಾಕ್ಷನ್ ಬಾರ್ ಹಾಕ್ತಾರೆ. ಒಳ್ಳೇ ಇಂಜಿನ್ನಿನ ಬೆಲೆ ಮುಂದೆ ಇದು ಚಿಲ್ಲರೆ. ಆದ್ರೂ ರೀಲಲ್ಲಿ ಇದನ್ನ ಯಾರೂ ತೋರಿಸಲ್ಲ.

ಕೊನೆಗೆ ಟೈರ್. ಸ್ಲಿಕ್ ಅಂತಾರೆ, ಮೇಲೆ ಗೆರೆಗಳೇ ಇರಲ್ಲ, ಮೆತ್ತಗಿನ ರಬ್ಬರ್. ಗಾಳಿ 15 ಪಿಎಸ್‌ಐ ಆಸುಪಾಸು ಮಾತ್ರ. ಹೊರಡೋವಾಗ ಟೈರಿನ ಪಕ್ಕ ಸುಕ್ಕುಗಟ್ಟಿ ನೆಲವನ್ನ ಅಪ್ಪಿಕೊಳ್ಳುತ್ತೆ. ಇದು ಸ್ಟ್ರಿಪ್‌ಗೆ ಮಾತ್ರ. ಮಳೆ ಬಂದ ರಸ್ತೆಯಲ್ಲಿ ಇದೇ ಟೈರ್ ಸೋಪಿನ ತುಂಡು.

7/10

ಈಗ ಇಂಜಿನ್. ಖುಷಿನಾ?

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಜನ ಗ್ಯಾರೇಜಲ್ಲೂ ಇದ್ದಾರೆ. ಮೊದಲೇ ದೊಡ್ಡ ಇಂಜಿನ್ ತಂದು ಮೂಲೇಲಿ ಇಡ್ತಾರೆ. ದುಡ್ಡು ಅಲ್ಲೇ ಖಾಲಿ. ಆಮೇಲೆ ಬ್ರೇಕಿಗಿಲ್ಲ, ಆಕ್ಸಲಿಗಿಲ್ಲ. ಎರಡು ವರ್ಷ ಆದ ಮೇಲೆ "ಅರ್ಧಕ್ಕೆ ನಿಂತ ಪ್ರಾಜೆಕ್ಟ್, ಮಾರಾಟಕ್ಕಿದೆ" ಅಂತ ಜಾಹೀರಾತು. ಇಲ್ಲಿ ಅಂಥ ಜಾಹೀರಾತುಗಳನ್ನ ಓದೋದೇ ನನ್ನ ಹವ್ಯಾಸ. ಹೆಚ್ಚಿನವುಗಳಲ್ಲಿ ಇಂಜಿನ್ ಹೊಚ್ಚ ಹೊಸದು, ಕಾರು ಇಟ್ಟಿಗೆ ಮೇಲೆ.

ಇಂಜಿನ್ ಕೊನೆಗೆ ಬಂದ್ರೆ ಲಾಭ ಏನು? ಕಾರಿನ ತೂಕ ಎಷ್ಟು, ಗೇರ್ ಎಷ್ಟು, ಟೈರ್ ಎಷ್ಟು ಹಿಡಿಯುತ್ತೆ ಅಂತ ಗೊತ್ತಿರುತ್ತೆ. ಅದಕ್ಕೆ ಹೊಂದೋ ಇಂಜಿನ್ ಮಾತ್ರ ಕಟ್ಟಬಹುದು. ನಮ್ಮದು 350 ಕ್ಯೂಬಿಕ್ ಇಂಚು, ಸುಮಾರು 5.7 ಲೀಟರ್. ಷೆವ್ರೊಲೆ ಈ ಜಾತಿಯ ಇಂಜಿನ್‌ಗಳನ್ನ ದಶಕಗಟ್ಟಲೆ ಮಾಡಿದೆ, ಬಿಡಿಭಾಗ ಎಲ್ಲಿ ಬೇಕಾದ್ರೂ ಸಿಗುತ್ತೆ.

ಕ್ಯಾಮ್‌ಶಾಫ್ಟ್ ವಿಷಯದಲ್ಲಿ ಒಂದು ಉದಾಹರಣೆ. ಹಳೇ ವಿ8 ನಿಂತಲ್ಲೇ ಗಡ್ ಗಡ್ ಗಡ್ ಅಂತ ನಡುಗೋ ಸೌಂಡ್ ಕೇಳಿರ್ತೀರ, ರೀಲಲ್ಲಿ ಲಕ್ಷಗಟ್ಟಲೆ ಲೈಕ್. ಆ ಸೌಂಡ್ ಬರೋದು ವಾಲ್ವ್‌ಗಳನ್ನ ಜಾಸ್ತಿ ಹೊತ್ತು ತೆರೆದಿಡೋ ದೊಡ್ಡ ಕ್ಯಾಮ್‌ನಿಂದ. ಅದು ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಕೊಡುತ್ತೆ, ಕೆಳಗಿನದನ್ನ ಕಿತ್ಕೊಳ್ಳುತ್ತೆ. ಅಷ್ಟೇ ಅಲ್ಲ, ಐಡಲ್‌ನಲ್ಲಿ ಇಂಜಿನ್ನಿನ ನಿರ್ವಾತ, ಅಂದ್ರೆ ವ್ಯಾಕ್ಯೂಮ್, ಕಮ್ಮಿ ಮಾಡುತ್ತೆ. ಪವರ್ ಬ್ರೇಕ್ ಕೆಲಸ ಮಾಡೋದು ಯಾವುದರಿಂದ? ಅದೇ ವ್ಯಾಕ್ಯೂಮ್‌ನಿಂದ. ಅಂದ್ರೆ ಸೌಂಡಿಗೋಸ್ಕರ ಹಾಕಿದ ಕ್ಯಾಮ್ ನಿಮ್ಮ ಬ್ರೇಕ್ ಪೆಡಲನ್ನ ಕಲ್ಲು ಮಾಡಬಹುದು. ಕಾರಿನಲ್ಲಿ ಯಾವ ಭಾಗವೂ ಒಂಟಿ ಅಲ್ಲ.

1972ರಲ್ಲಿ ಬಿಲ್ ಜೆಂಕಿನ್ಸ್ ಅನ್ನೋ ಪೆನ್ಸಿಲ್ವೇನಿಯಾದ ಬಿಲ್ಡರ್ ಸಣ್ಣ ಷೆವ್ರೊಲೆ ವೇಗಾ ಕಾರಿಗೆ ಇದೇ ಸಣ್ಣ ಜಾತಿಯ ವಿ8 ಹಾಕಿ, ಎನ್‌ಎಚ್‌ಆರ್‌ಎ ವಿಂಟರ್‌ನ್ಯಾಷನಲ್ಸ್‌ನಲ್ಲಿ ದೊಡ್ಡ ಹೆಮಿ ಇಂಜಿನ್ನಿನ ಕಾರುಗಳನ್ನ ಸೋಲಿಸಿ ಪ್ರೊ ಸ್ಟಾಕ್ ವರ್ಗ ಗೆದ್ದರು. ಇಂಜಿನ್ ಸಣ್ಣದು, ಕಾರು ಹಗುರ, ಲೆಕ್ಕ ಪಕ್ಕಾ.

8/10

"ಸೇಫ್ಟಿ ಸೇಫ್ಟಿ ಅಂತ ಕೂತ್ರೆ ಸ್ಪೀಡ್ ಎಲ್ಲಿ ಬರುತ್ತೆ?" ಅಂತ ಹೋದ ಪೋಸ್ಟಿಗೆ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ಉತ್ತರಕ್ಕೆ ಡಾನ್ ಗಾರ್ಲಿಟ್ಸ್ ಕಥೆ.

ಆಗಿನ ಡ್ರ್ಯಾಗ್‌ಸ್ಟರ್‌ಗಳಲ್ಲಿ ಇಂಜಿನ್ ಮುಂದೆ, ಚಾಲಕ ಅದರ ಹಿಂದೆ. ಕಾಲುಗಳ ನಡುವೆ ಕ್ಲಚ್, ಗೇರ್. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಗಾರ್ಲಿಟ್ಸ್ ಕಾರಿನ ಟ್ರಾನ್ಸ್‌ಮಿಷನ್ ಹೊರಡೋ ಕ್ಷಣದಲ್ಲೇ ಸಿಡಿಯಿತು. ಕಾರು ಎರಡು ತುಂಡು. ಬಲಪಾದದ ಒಂದು ಭಾಗ ಹೋಯ್ತು.

ಗಾಯ ಮಾಗೋ ಹೊತ್ತಲ್ಲಿ ಅವರು ಯೋಚನೆ ಮಾಡಿದ್ದು ಒಂದೇ: ಸಿಡಿಯೋ ವಸ್ತು ಮನುಷ್ಯನ ಹಿಂದೆ ಇರಬೇಕು. ಇಂಜಿನ್ ಹಿಂದೆ ಇಟ್ಟ ಡ್ರ್ಯಾಗ್‌ಸ್ಟರ್ ಅವರಿಗಿಂತ ಮುಂಚೆಯೂ ಕೆಲವರು ಮಾಡಿದ್ರು, ನೇರ ಓಡ್ತಿರಲಿಲ್ಲ. ಗಾರ್ಲಿಟ್ಸ್ ಸ್ಟೀರಿಂಗ್ ನಿಧಾನ ತಿರುಗೋ ಹಾಗೆ ಮಾಡಿ ಅದನ್ನ ಪಳಗಿಸಿದ್ರು. 1971ರಲ್ಲಿ ಅದೇ ಕಾರಲ್ಲಿ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷದಲ್ಲಿ ಆ ವರ್ಗದ ಎಲ್ಲರೂ ಇಂಜಿನ್ ಹಿಂದೆ ಹಾಕಿದ್ರು. ಜೀವ ಉಳಿಸೋಕೆ ಮಾಡಿದ ಕಾರೇ ಎಲ್ಲರಿಗಿಂತ ವೇಗದ ಕಾರಾಯ್ತು.

ನಮ್ಮಂಥ ಸಣ್ಣ ಬಿಲ್ಡ್‌ಗೂ ನಿಯಮ ಇದೆ. ಎನ್‌ಎಚ್‌ಆರ್‌ಎ ಪಟ್ಟಿಯಲ್ಲಿ 13.99 ಸೆಕೆಂಡ್ ಅಥವಾ ಅದಕ್ಕಿಂತ ವೇಗ ಇದ್ರೆ ಹೆಲ್ಮೆಟ್ ಕಡ್ಡಾಯ, ಸ್ಲಿಕ್ ಹಾಕಿದ್ರೆ ಪ್ರೊಪೆಲ್ಲರ್ ಶಾಫ್ಟ್ ಸುತ್ತ ಉಕ್ಕಿನ ಬಳೆ ಕೂಡ. ಯಾಕಂದ್ರೆ ಶಾಫ್ಟಿನ ಮುಂದಿನ ಜಾಯಿಂಟ್ ಮುರಿದು ನೆಲಕ್ಕೆ ಕುಟ್ಟಿದ್ರೆ ಕಾರನ್ನೇ ಎತ್ತಿ ಹಾಕುತ್ತೆ. 11.49ಕ್ಕೆ ಇಳಿದ್ರೆ ರೋಲ್ ಬಾರ್. ನಮ್ಮ ನೋವಾದಂಥ ಹಳೇ ಕಾರು 10 ಸೆಕೆಂಡಿನ ಒಳಗೆ ಬಂದ್ರೆ ಪೂರ್ತಿ ರೋಲ್ ಕೇಜ್. ಬ್ಯಾಟರಿಯನ್ನ ಹಿಂದೆ ಡಿಕ್ಕಿಗೆ ಹಾಕಿದ್ರೆ ಹೊರಗಿನಿಂದಲೇ ಕರೆಂಟ್ ಕಡಿಯೋ ಸ್ವಿಚ್ ಬೇಕು. ರೇಡಿಯೇಟರಿನಲ್ಲಿ ಕೂಲಂಟ್ ಬೇಡ, ಬರೀ ನೀರು ಅಂತ ಬಹಳ ಸ್ಟ್ರಿಪ್‌ಗಳು ಹೇಳ್ತವೆ. ಕೂಲಂಟ್ ಪಟ್ಟಿ ಮೇಲೆ ಚೆಲ್ಲಿದ್ರೆ ಜಾರುತ್ತೆ, ಹಿಂದೆ ಬರೋನು ಬೀಳ್ತಾನೆ.

ಒಂದೊಂದು ನಿಯಮದ ಹಿಂದೆಯೂ ಯಾರದೋ ಕಾಲು, ಯಾರದೋ ಮನೆ ಇದೆ. ನಮಗೆ ಬಿಟ್ಟಿ ಸಿಗ್ತಿರೋ ಬುದ್ಧಿ ಅದು.

9/10

"ಈಗಿನ ಎಲೆಕ್ಟ್ರಿಕ್ ಕಾರು ಸದ್ದೇ ಇಲ್ಲದೆ ಇದನ್ನ ಸೋಲಿಸುತ್ತಲ್ಲ, ಮತ್ಯಾಕೆ ಕಷ್ಟ?"

ನಿಜ. ಟೆಸ್ಲಾ ಮಾಡೆಲ್ ಎಸ್ ಪ್ಲಾಯ್ಡ್ ಶೋರೂಮಿಂದ ಬಂದ ಹಾಗೇ ಕಾಲು ಮೈಲಿಯನ್ನ 9.3 ಸೆಕೆಂಡಿನ ಆಸುಪಾಸಲ್ಲಿ ಮುಗಿಸುತ್ತೆ. ನಮ್ಮ ನೋವಾ ಎಲ್ಲಾ ಸರಿಹೋದ್ರೆ ಹನ್ನೆರಡೂವರೆ ಮಾಡಬಹುದು. ಬರೀ ವೇಗವೇ ಬೇಕಿದ್ರೆ ಹಳೇ ಕಾರು ಕಟ್ಟೋದು ದಡ್ಡತನ.

ಆದ್ರೆ ಇಲ್ಲಿ ವಾರಾಂತ್ಯಕ್ಕೆ ಸಾಮಾನ್ಯ ಜನ ಆಡೋ ಆಟ ಬೇರೆ. ಬ್ರ್ಯಾಕೆಟ್ ರೇಸಿಂಗ್ ಅಂತಾರೆ. ನಿಮ್ಮ ಕಾರು ಎಷ್ಟು ಸೆಕೆಂಡಲ್ಲಿ ಓಡುತ್ತೆ ಅಂತ ನೀವೇ ಮೊದಲು ಗಾಜಿನ ಮೇಲೆ ಬರೆಯಬೇಕು. ನಿಮ್ಮದು 14.20, ಪಕ್ಕದವರದ್ದು 12.10 ಅಂತಿಟ್ಕೊಳ್ಳಿ. ನಿಮಗೆ ಹಸಿರು ದೀಪ 2.10 ಸೆಕೆಂಡ್ ಮೊದಲೇ ಬರುತ್ತೆ. ಯಾರು ಮೊದಲು ಮುಟ್ತಾರೋ ಅವರೇ ಗೆದ್ದಂಗೆ. ಆದರೆ ಒಂದು ಕಟ್ಟುಪಾಡು: ಬರೆದಿದ್ದಕ್ಕಿಂತ ವೇಗವಾಗಿ ಓಡಿದ್ರೆ ಸೋತ್ರಿ! ಸುಳ್ಳು ಹೇಳಿ ಸೋಗು ಹಾಕೋ ಹಾಗಿಲ್ಲ.

ಇಲ್ಲಿ ಗೆಲ್ಲೋದು ಪ್ರತಿ ಸಲ ಒಂದೇ ಥರ ಓಡೋ ಕಾರು, ದೀಪ ನೋಡಿ ಸರಿಯಾಗಿ ಹೊರಡೋ ಚಾಲಕ. ಶಾಲೆಗೆ ಮಕ್ಕಳನ್ನ ಬಿಡೋ ವ್ಯಾನ್ ಕೂಡ ಹೆಮಿಯನ್ನ ಸೋಲಿಸಬಹುದು. ನಿಧಾನವೇ ಪ್ರಧಾನ ಅನ್ನೋ ಮಾತಿಗೆ ಡ್ರ್ಯಾಗ್ ಸ್ಟ್ರಿಪ್‌ನಲ್ಲೂ ಜಾಗ ಇದೆ.

ಇನ್ನೊಂದು: "ಇದು ಹುಡುಗರ ಆಟ" ಅಂತ ಬರೆದೋರಿಗೆ. ಶರ್ಲಿ ಮಲ್ಡೌನಿ ಹೆಸರು ಹುಡುಕಿ ನೋಡಿ. ಅತಿವೇಗದ ಟಾಪ್ ಫ್ಯೂಯೆಲ್ ವರ್ಗದ ಎನ್‌ಎಚ್‌ಆರ್‌ಎ ಚಾಂಪಿಯನ್‌ಶಿಪ್ ಅನ್ನ 1977, 1980, 1982ರಲ್ಲಿ, ಮೂರು ಸಲ ಗೆದ್ದ ಹೆಣ್ಣುಮಗಳು. ನಮ್ಮ ಕ್ಲಾಸಲ್ಲಿ ವರ್ಕ್‌ಶಾಪ್ ಮಾರ್ಕ್ಸ್ ಯಾರು ಜಾಸ್ತಿ ತಗೊಂಡ್ರು ಅಂತಾನೂ ಹುಡುಗರು ಒಮ್ಮೆ ನೆನಪು ಮಾಡ್ಕೊಳ್ಳಿ.

10/10

ಈಗ ನಮ್ಮೂರಿನ ವಿಷಯ.

ಅಮೆರಿಕದಲ್ಲೂ ಇದು ಶುರುವಾಗಿದ್ದು ರಸ್ತೆ ಮೇಲೆಯೇ. ಹುಡುಗರು ಬೀದಿಯಲ್ಲಿ ಓಡಿಸಿ ಸಾಯ್ತಿದ್ರು, ಊರಿನವರು ಪೊಲೀಸರನ್ನ ಕರೀತಿದ್ರು. 1951ರಲ್ಲಿ ಹಾಟ್ ರಾಡ್ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಕಟ್ಟಿದ್ರು. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ ಅದರ ಮೊದಲ ಸ್ಪರ್ಧೆ ನಡೀತು. 1954ರಿಂದ ಒಂದು ಸಣ್ಣ ತಂಡ ಟ್ರೇಲರ್ ಕಟ್ಕೊಂಡು ಊರೂರು ಸುತ್ತಿ, ಪಟ್ಟಿ ಹೇಗೆ ಮಾಡೋದು, ಗಾಡಿ ಹೇಗೆ ತಪಾಸಣೆ ಮಾಡೋದು ಅಂತ ಕಲಿಸ್ತು. ರೇಸನ್ನ ಬೀದಿಯಿಂದ ಎತ್ತಿ ಪಟ್ಟಿಗೆ ತಂದಿದ್ದೇ ಈ ಆಟದ ನಿಜವಾದ ಗೆಲುವು.

ನಮ್ಮಲ್ಲಿ ಶನಿವಾರ ರಾತ್ರಿ ಸ್ವಲ್ಪ ದುಡ್ಡು ಕಟ್ಟಿ ಯಾರು ಬೇಕಾದ್ರೂ ಓಡಿಸಬಹುದಾದ ಪಟ್ಟಿ ಊರೂರಲ್ಲಿ ಇಲ್ಲ. ಅದು ನಿಜವಾದ ಕೊರತೆ, ಅದನ್ನ ಕೇಳೋ ಹಕ್ಕು ನಮಗಿದೆ. ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಇದೆ, ಅದರ ಮಾನ್ಯತೆ ಇರೋ ಡ್ರ್ಯಾಗ್ ಸ್ಪರ್ಧೆಗಳಿವೆ, ಲೈಸೆನ್ಸ್ ವ್ಯವಸ್ಥೆ ಇದೆ. ದಾರಿ ಉದ್ದ, ಆದ್ರೆ ದಾರಿ ಇದೆ.

ಪಟ್ಟಿ ಇಲ್ಲ ಅಂತ ರಿಂಗ್ ರೋಡಿಗೆ ಇಳಿಯೋದು ಉತ್ತರ ಅಲ್ಲ. ಕಾನೂನು ಗೊತ್ತಿರಲಿ: ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ರೇಸ್ ಮಾಡಿದ್ರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರಚನೆಯನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ.

ಆದ್ರೆ ನಾನು ದಂಡಕ್ಕೆ ಹೆದರಿ ಇದನ್ನ ಬರೀತಿಲ್ಲ. ಸ್ಟ್ರಿಪ್‌ನಲ್ಲಿ ಎದುರಿಂದ ಯಾರೂ ಬರಲ್ಲ, ನಾಯಿ ಅಡ್ಡ ಬರಲ್ಲ, ಮರಳು ಬಿದ್ದಿರಲ್ಲ, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತೆ. ಅಷ್ಟೆಲ್ಲ ಇದ್ದೂ ಅವರು ನಿಲ್ಲೋ ಜಾಗ ಜಾಸ್ತಿ ಮಾಡ್ಕೊಂಡ್ರು. ನಮ್ಮ ಬೈಪಾಸಲ್ಲಿ ಇದರಲ್ಲಿ ಒಂದೂ ಇಲ್ಲ. ಗ್ರೂಪಲ್ಲಿ ಇನ್ನೊಂದು "ಓಂ ಶಾಂತಿ" ಪೋಸ್ಟ್ ನೋಡೋ ಶಕ್ತಿ ನಂಗಿಲ್ಲ.

ನಿಮ್ಮ ಹತ್ರ ಇರೋದು ಹಳೇ ಆರ್‌ಎಕ್ಸ್ 100 ಆಗಿರಲಿ, ಅಪ್ಪನ ಸ್ಪ್ಲೆಂಡರ್ ಆಗಿರಲಿ. ಈ ತಿಂಗಳ ಪಾಕೆಟ್ ಮನಿಯಲ್ಲಿ ಸೈಲೆನ್ಸರ್ ಕನಸು ಪಕ್ಕಕ್ಕಿಟ್ಟು ನಾಲ್ಕು ಕೆಲಸ ಮಾಡಿ. ಬ್ರೇಕ್ ಶೂ ಅಥವಾ ಪ್ಯಾಡ್ ಬಿಚ್ಚಿ ಎಷ್ಟು ಉಳಿದಿದೆ ನೋಡಿ. ಟೈರಿನ ಗೆರೆ ಸವೆದಿದ್ಯಾ ನೋಡಿ. ಚೈನ್, ಸ್ಪ್ರಾಕೆಟ್ ಹಲ್ಲು ಪರೀಕ್ಷಿಸಿ. ಒಳ್ಳೇ ಹೆಲ್ಮೆಟ್ ತಗೊಳ್ಳಿ. ಅದರ ಫೋಟೋ ಹಾಕಿ, ನನ್ನ ಟ್ಯಾಗ್ ಮಾಡಿ, ನಾನು ಸ್ಟೋರಿಗೆ ಹಾಕ್ತೀನಿ. ಬ್ರೇಕ್ ಪ್ಯಾಡ್ ಫೋಟೋಗೂ ಲೈಕ್ ಬರೋ ಹಾಗೆ ಮಾಡೋಣ.

ಇಂಜಿನ್ ಮುಂದಿನ ತಿಂಗಳು ಕೂರುತ್ತೆ. ಆಗ ಎಚ್‌ಪಿ ಕೇಳಿ, ಹೇಳ್ತೀನಿ. ಅದಕ್ಕೂ ಮುಂಚೆ ಕಮೆಂಟಲ್ಲಿ ನೀವು ಹೇಳಿ: ನಿಮ್ಮ ಗಾಡಿ 60ರಲ್ಲಿ ಹೋಗ್ತಿದ್ದಾಗ ಬ್ರೇಕ್ ಹಿಡಿದ್ರೆ ಎಷ್ಟು ಮೀಟರಲ್ಲಿ ನಿಲ್ಲುತ್ತೆ?

#ಇಂಜಿನ್‌ಕೊನೆಗೆ #ಮೊದಲುಬ್ರೇಕ್ #ಹಳೇನೋವಾ #ಕನ್ನಡಗ್ಯಾರೇಜ್